ಬೇಸ್ ಏರಿಸಿ ಅಂತ ಬಂದೋರಿಗೆ ನಾನು ಹಾಕಿ ಕೇಳಿಸೋ ಆಲ್ಬಂ

ಹೋದ ತಿಂಗಳು ಮೂರು ಜನ ಹುಡುಗ್ರು ನನ್ನ ಸ್ಟುಡಿಯೋಗೆ ಬಂದಿದ್ರು, ಕನ್ನಡದಲ್ಲಿ ರ‍್ಯಾಪ್ ಮಾಡೋರು, ಬರೆದಿರೋ ಲೈನ್ಸ್ ನಿಜವಾಗ್ಲೂ ಚೆನ್ನಾಗಿತ್ತು. ಮಿಕ್ಸ್ ಮಾಡಿ ಕಳಿಸಿ ಎರಡು ದಿನ ಆಗಿಲ್ಲ, ರಾತ್ರಿ ಹನ್ನೊಂದು ಗಂಟೆಗೆ ಫೋನು. "ಅಣ್ಣ, ಕಾರಲ್ಲಿ ಹಾಕಿ ಕೇಳಿದ್ವಿ, ಬೇಸ್ ಸಾಲ್ತಾ ಇಲ್ಲ ಅಣ್ಣ, ಇನ್ನೊಂಚೂರು ಏರಿಸ್ಬಿಡಿ." ಮಿಕ್ಸಿಂಗ್ ಕೆಲಸಕ್ಕೆ ಇಳಿದು ಹದಿನಾಲ್ಕು ವರ್ಷ ಆಯ್ತು, ಈ ಮಾತು ಕೇಳದೆ ಕಳೆದ ತಿಂಗಳು ಅಂತ ಒಂದೂ ನೆನಪಿಲ್ಲ.

ಮಾರನೇ ದಿನ ಕರೆಸಿ ಅವರ ಮುಂದೇನೇ ಕಂಪ್ಯೂಟರಲ್ಲಿ ಆ ಹಾಡಿನ ಸೆಷನ್ ಓಪನ್ ಮಾಡ್ದೆ. ಒಂದು 808 ಬೇಸು, ಅಂದ್ರೆ ಹಳೇ ಡ್ರಮ್ ಮಷೀನಿನ ಆಳದ ಸದ್ದು, ಅದರ ಕೆಳಗೆ ಇನ್ನೊಂದು ಸಬ್ ಬೇಸು, ಬಾಲ ಉದ್ದ ಇರೋ ಕಿಕ್ ಡ್ರಮ್ಮು, ಸಾಲದು ಅಂತ ಒಂದು ಸಿಂಥ್ ಬೇಸ್ ಬೇರೆ. ನಾಲ್ಕೂ 40ರಿಂದ 80 ಹರ್ಟ್ಜ್ ಅನ್ನೋ ಆಳದ ಸದ್ದಿನ ಜಾಗದೊಳಗೇ ಗುದ್ದಾಡ್ತಾ ಕೂತಿವೆ, ಥರ್ಟಿ ಫಾರ್ಟಿ ಸೈಟಲ್ಲಿ ನಾಲ್ಕು ಜನ ಅಣ್ತಮ್ಮಂದ್ರು ಒಟ್ಟಿಗೇ ಮನೆ ಕಟ್ಟಕ್ಕೆ ಹೊರಟಂಗೆ. ಇದರ ಮೇಲೆ ಇನ್ನೂ ಬೇಸ್ ಏರಿಸಿದ್ರೆ ಏನಾಗುತ್ತೆ ಅಂದ್ರೆ, ಸದ್ದು ಮಿತಿ ಮೀರದಂಗೆ ತಡೆಯಕ್ಕೆ ಕೊನೇಲಿ ಕೂತಿರೋ ಲಿಮಿಟರ್, ಬೇಸ್ ಹೊಡೆದಾಗಲೆಲ್ಲ ಇಡೀ ಹಾಡನ್ನೇ ಕೆಳಗೆ ಒತ್ತುತ್ತೆ, ದನಿ ಒಳಗೋಗುತ್ತೆ, ಸ್ನೇರ್ ಡ್ರಮ್ ಸತ್ತೋಗುತ್ತೆ, ಇಷ್ಟೆಲ್ಲ ಆದ್ಮೇಲೂ ಕೇಳೋನಿಗೆ ಅನ್ಸೋದು ಅದೇ, ಬೇಸ್ ಸಾಲಲ್ಲ.

ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಹಂಗಾಗಿ ಇಂಥ ಟೈಮಲ್ಲಿ ನಾನು ಹಾಕೋದು ಒಂದೇ ಆಲ್ಬಂ, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಅನ್ನೋ ನ್ಯೂಯಾರ್ಕಿನ ಹಿಪ್ ಹಾಪ್ ಗುಂಪಿನ 'ದ ಲೋ ಎಂಡ್ ಥಿಯರಿ', 1991ರದ್ದು. ಬಂದಿದ್ದ ಮೂವರೂ ಆಗ ಹುಟ್ಟಿರ್ಲೇ ಇಲ್ಲ.

ಮೊದಲನೇ ಹಾಡು 'ಎಕ್ಸ್‌ಕರ್ಷನ್ಸ್'. ಶುರುವಾಗೋದೇ ಬರೀ ಬೇಸಿಂದ. ಡಬಲ್ ಬೇಸು, ಅದೇ ನಿಂತ್ಕೊಂಡು ನುಡಿಸೋ ಆಳೆತ್ತರದ ಮರದ ವಾದ್ಯ. ಡ್ರಮ್ ಇಲ್ಲ, ಕೀಬೋರ್ಡ್ ಇಲ್ಲ. ಅದರ ಮೇಲೆ ಗುಂಪಿನ ಮುಖ್ಯ ದನಿ ಕ್ಯೂ-ಟಿಪ್ ಬರ್ತಾನೆ, ನಾನು ಹುಡುಗ ಇದ್ದಾಗ ಹಿಪ್ ಹಾಪ್ ಕೇಳ್ತಿದ್ರೆ ನಮ್ಮಪ್ಪ ಇದು ಹಳೇ ಬೀಬಾಪ್ ಜಾಜ್ ಥರಾನೇ ಇದೆ ಅಂತಿದ್ರು ಅಂತ ಜಗಲಿ ಮೇಲೆ ಕೂತು ಹೇಳ್ದಂಗೆ ಹೇಳ್ತಾನೆ, ಆಮೇಲೆ ನಿಧಾನಕ್ಕೆ ಡ್ರಮ್ ಬೀಳುತ್ತೆ. ಹುಡುಗ್ರಿಗೆ ಇದನ್ನ ದೊಡ್ಡ ಮಾನಿಟರಲ್ಲಿ ಹಾಕೋಕೂ ಮುಂಚೆ ಮೊಬೈಲ್ ಸ್ಪೀಕರಲ್ಲೇ ಹಾಕ್ದೆ. ಬೇಸ್ ಲೈನ್ ಒಂದೊಂದು ಸ್ವರಾನೂ ಗೊತ್ತಾಗ್ತಿತ್ತು. ಆಮೇಲೆ ಅದೇ ಮೊಬೈಲಲ್ಲಿ ಅವರ ಹಾಡು. ಬೇಸ್ ಮಾಯ, ಹೈ-ಹ್ಯಾಟ್ ತಾಳ ಒಂದೇ ಚಿಕ್ ಚಿಕ್ ಅಂತಿದೆ.

ಇದು ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಡಬಲ್ ಬೇಸಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್. ಬೆರಳುಗುರು ಸೈಜಿನ ಮೊಬೈಲ್ ಸ್ಪೀಕರಿಗೆ ಅದು ಜನ್ಮದಲ್ಲಿ ನುಡಿಸಕ್ಕಾಗಲ್ಲ. ಆದ್ರೆ ತಂತಿ ಮೀಟಿದಾಗ ಬರೀ 41 ಹೊರಡಲ್ಲ, ಅದರ ಜೊತೆ 82, 123, 164 ಅಂತ ಮೇಲ್ಮೇಲಿನ ಸ್ವರಾಂಶಗಳೂ ಹೊರಡ್ತವೆ, ಬೆರಳು ತಂತಿಗೆ ತಾಗೋ ಸದ್ದು, ಮರದ ಹೊಟ್ಟೆ ಗುಂಯ್ ಅನ್ನೋದು ಎಲ್ಲ ಸೇರುತ್ತೆ. ಸ್ಪೀಕರಿಂದ ಮೇಲಿನವು ಬಂದ್ರೆ ಸಾಕು, ಕೆಳಗೆ ಕಾಣೆಯಾಗಿರೋದನ್ನ ನಮ್ಮ ಕಿವಿನೇ ಲೆಕ್ಕ ಹಾಕಿ ತುಂಬಿಸ್ಕೊಳ್ಳುತ್ತೆ. ಸ್ಯಾಂಪಲ್ ಪ್ಯಾಕ್, ಅಂದ್ರೆ ರೆಡಿಮೇಡ್ ಸದ್ದುಗಳ ಕಟ್ಟಿಂದ ಎತ್ಕೊಂಡ ಕ್ಲೀನ್ 808ಗೆ ಮೇಲೆ ಹೆಚ್ಚು ಏನೂ ಇರಲ್ಲ, ಹೆಚ್ಚುಕಮ್ಮಿ ಒಂದೇ ನುಣುಪು ಅಲೆ, ಸ್ಪೀಕರ್ ಅದನ್ನ ಬಿಟ್ಟರೆ ಕಿವಿಗೆ ಹಿಡ್ಕೊಳ್ಳಕ್ಕೆ ಏನೂ ಸಿಗಲ್ಲ. ಮೃದಂಗದೋರು ಕಛೇರಿಗೆ ಮುಂಚೆ ಎಡಗಡೆ ತೊಪ್ಪಿಗೆ ರವೆ ಕಲಸಿ ಹಚ್ಚಿ, ಹೊಡೆದು ನೋಡಿ, ಒಂಚೂರು ಕಿತ್ತು, ಮತ್ತೆ ಹೊಡೆದು ನೋಡ್ತಾರಲ್ಲ, ಅವರ ಹತ್ರ ಕೇಳಿ ನೋಡಿ, ಜಾಸ್ತಿ ಹಚ್ಚಿದ್ರೆ ಗುಂಕಿ ಬರಲ್ಲ, ಮಂಕಾಗುತ್ತೆ ಅಂತಾರೆ.

ಸರಿ, ಆಲ್ಬಂ ಕಥೆಗೆ ಬರೋಣ. ಗುಂಪಿನೋರು ನ್ಯೂಯಾರ್ಕಿನ ಕ್ವೀನ್ಸ್ ಕಡೆಯೋರು. ಕ್ಯೂ-ಟಿಪ್, ಫೈಫ್ ಡಾಗ್ ಇಬ್ಬರೂ ಚಿಕ್ಕಂದಿನಿಂದ ಗೆಳೆಯರು, ಡೀಜೆ ಅಲಿ ಶಹೀದ್ ಮುಹಮ್ಮದ್. ಜರೋಬಿ ಅಂತ ನಾಲ್ಕನೆಯವನೊಬ್ಬ ಇದ್ದ, ಅಡುಗೆ ಕಲೀತೀನಿ ಅಂತ ಹೊರಟೋದ. 1990ರಲ್ಲಿ ಮೊದಲ ಆಲ್ಬಂ ಬಂತು, ವಿಮರ್ಶಕರು ಹೊಗಳಿದ್ರು, ಆದ್ರೆ ಅದರಲ್ಲಿನ 'ಕ್ಯಾನ್ ಐ ಕಿಕ್ ಇಟ್' ಹಾಡಿನ ದುಡ್ಡು ಇವರ ಕೈ ಸೇರಲಿಲ್ಲ, ಲೂ ರೀಡ್ ಅನ್ನೋ ರಾಕ್ ಗಾಯಕನ ಹಾಡಿನ ಬೇಸ್ ಲೈನ್ ಎತ್ತಿದ್ದಕ್ಕೆ ಹಕ್ಕಿನ ಹಣ ಪೂರ್ತಿ ಆತನ ಪಾಲಾಯ್ತು. ತಮಾಷೆ ಅಂದ್ರೆ ಆ ಮೂಲ ಬೇಸ್ ನುಡಿಸಿದ ಹರ್ಬಿ ಫ್ಲವರ್ಸ್ ಅನ್ನೋ ಮನುಷ್ಯ ಡಬಲ್ ಬೇಸೂ ನುಡಿಸಿ ಅದರ ಮೇಲೆ ಎಲೆಕ್ಟ್ರಿಕ್ ಬೇಸೂ ನುಡಿಸಿದ್ದು ಯಾಕಂದ್ರೆ ಎರಡು ವಾದ್ಯಕ್ಕೆ ಡಬಲ್ ಪೇಮೆಂಟ್ ಸಿಗುತ್ತೆ ಅಂತ. ಸೆಷನ್ ವಾದ್ಯದೋರ ಬುದ್ಧಿ ಎಲ್ಲಾ ಊರಲ್ಲೂ ಒಂದೇ.

ಎರಡನೇ ಆಲ್ಬಂ ಹೊತ್ತಿಗೆ ಎರಡು ಬದಲಾವಣೆ ಆಯ್ತು. ಒಂದು ಫೈಫ್. ಮೊದಲ ಆಲ್ಬಂನಲ್ಲಿ ಅವನು ಬೆರಳೆಣಿಕೆ ಹಾಡಲ್ಲಷ್ಟೇ ಇದ್ದ, ಸೀರಿಯಸ್ಸಾಗೇ ತಗೊಂಡಿರ್ಲಿಲ್ಲ. ಆ ಆಲ್ಬಂ ಬಂದ ಸ್ವಲ್ಪ ದಿನಕ್ಕೇ ಶುಗರ್ ಇದೆ ಅಂತ ಗೊತ್ತಾಯ್ತು, ಇನ್ನೂ ಹತ್ತೊಂಬತ್ತು ವಯಸ್ಸು. ಟ್ರೈನಲ್ಲಿ ಸಿಕ್ಕ ಕ್ಯೂ-ಟಿಪ್ ಹೊಸ ಆಲ್ಬಂ ಶುರು ಮಾಡ್ತಿದೀನಿ, ನೀನೂ ಇರ್ಬೇಕು, ಆದ್ರೆ ಸೀರಿಯಸ್ಸಾಗಿ ಬರ್ಬೇಕು ಅಂದ. ಬಂದ. 'ಬಗ್ಗಿನ್ ಔಟ್' ಹಾಡಿನ ಮೊದಲ ಚರಣ ಕೇಳಿ, ಕುಳ್ಳ ನಾನು ಅಂತ ತನ್ನನ್ನೇ ಆಡ್ಕೊಂಡು ಎಂಥ ಜೋರಲ್ಲಿ ಬರ್ತಾನೆ ನೋಡಿ. ಟಿಪ್ ದನಿ ಮೂಗಲ್ಲಿ ಹೊರಡೋ ಮೆತ್ತನೆ ದನಿ, ಫೈಫ್‌ದು ಏರು ದನಿ, ಬೇಗ ಬಂದು ಚುಚ್ಚೋದು. ಮಿಕ್ಸ್ ಮಾಡೋನ ಕಿವಿಯಲ್ಲಿ ಹೇಳ್ಬೇಕಂದ್ರೆ ಇಬ್ಬರ ದನಿ ಒಂದೇ ಜಾಗಕ್ಕೆ ಬರೋದೇ ಇಲ್ಲ, ದನಿ ಏರಿಳಿಸಿ ಬೇರೆ ಮಾಡೋ ಇಕ್ಯೂ ಮುಟ್ಟದೇ ಅರ್ಧ ಕೆಲಸ ಮುಗಿದಂಗೆ.

ಇನ್ನೊಂದು ಬದಲಾವಣೆ ಅಂದ್ರೆ ಹಾಡುಗಳನ್ನ ಬರಿದು ಮಾಡಿದ್ದು. ಮೊದಲ ಆಲ್ಬಂನಲ್ಲಿ ಸಿತಾರ್ ಥರದ ಸದ್ದಿಂದ ಹಿಡಿದು ಏನೇನೋ ಇತ್ತು. ಇಲ್ಲಿ ಡ್ರಮ್ಮು, ಬೇಸು, ದನಿ, ಮಧ್ಯೆ ಮಧ್ಯೆ ಒಂದು ಕಹಳೆ ತುಣುಕು, ಅಷ್ಟೇ. ಕ್ಯಾಲಿಫೋರ್ನಿಯಾದ ಎನ್‌ಡಬ್ಲ್ಯೂಎ ಅನ್ನೋ ಗುಂಪಿನ 'ಸ್ಟ್ರೇಟ್ ಔಟಾ ಕಾಂಪ್ಟನ್' ಆಲ್ಬಂ ಕೇಳಿ ಹುಚ್ಚು ಹಿಡಿದು ಇದಕ್ಕೆ ಸರಿಸಮ ಒಂದು ಮಾಡ್ಬೇಕು ಅಂತ ಹೊರಟಿದ್ದು ಅಂತ ಟಿಪ್ ಹೇಳ್ಕೊಂಡಿದಾನೆ. ಎರಡು ಆಲ್ಬಂ ಕೇಳಿದ್ರೆ ಸಂಬಂಧಾನೇ ಇಲ್ಲ ಅನ್ಸುತ್ತೆ, ಡ್ರಮ್ ಕೇಳಿದ್ರೆ ಮಾತ್ರ ಗೊತ್ತಾಗುತ್ತೆ.

ಕೈಯಲ್ಲಿದ್ದ ಮಷೀನು ಯಾವ್ದು ಗೊತ್ತಾ, ಎಸ್‌ಪಿ-1200 ಸ್ಯಾಂಪ್ಲರ್, ಅಂದ್ರೆ ರೆಕಾರ್ಡಿನ ತುಣುಕು ಹಿಡಿದಿಟ್ಟು ಮತ್ತೆ ನುಡಿಸೋ ಮಷೀನು, ಜೊತೆಗೆ ಅಂಥದ್ದೇ ಅಕಾಯ್ ಎಸ್950. ಎಸ್‌ಪಿ-1200ರಲ್ಲಿ ಒಟ್ಟು ಜಾಗ ಹತ್ತು ಸೆಕೆಂಡು, ಹಾಡಿಗೆ ಬೇಕಾದ ಎಲ್ಲಾ ಸದ್ದೂ ಸೇರಿ ಹತ್ತೇ ಸೆಕೆಂಡು, ಅದೂ 12 ಬಿಟ್ ಅನ್ನೋ ಒರಟು ಗುಣಮಟ್ಟದಲ್ಲಿ. ಜಾಗ ಉಳಿಸಕ್ಕೆ ಆ ಕಾಲದ ಹುಡುಗ್ರು 33 ಸ್ಪೀಡಿನ ರೆಕಾರ್ಡನ್ನ 45ರಲ್ಲಿ ಓಡಿಸಿ ಹಿಡಿದು, ಒಳಗೆ ಹೋದ್ಮೇಲೆ ಪಿಚ್ ಇಳಿಸ್ತಿದ್ರು, ಆ ಇಳಿಸೋದ್ರಲ್ಲಿ ಒಂದು ಒರಟು ಬರುತ್ತೆ, ಇವತ್ತು ಅದೇ ಒರಟಿಗೆ ಪ್ಲಗಿನ್ ಸಾಫ್ಟ್‌ವೇರ್ ಮಾರ್ತಾರೆ. ಬೇಸ್ ಬೇಕಂದ್ರೆ ಹಳೇ ಜಾಜ್ ರೆಕಾರ್ಡಿನ ಒಂದು ತುಣುಕು ತಗೊಂಡು ಫಿಲ್ಟರ್ ಹಾಕಿ ಮೇಲಿಂದೆಲ್ಲ ಕತ್ತರಿಸೋದು, ಪಿಯಾನೋ ಹೋಗುತ್ತೆ, ಸಿಂಬಲ್ ಹೋಗುತ್ತೆ, ಕೆಳಗೆ ಗುಂಯ್ ಅನ್ನೋದು ಉಳಿಯುತ್ತೆ. 'ಎಕ್ಸ್‌ಕರ್ಷನ್ಸ್' ಬೇಸ್ ಬಂದಿದ್ದು ಆರ್ಟ್ ಬ್ಲೇಕಿ ಮತ್ತವರ ಜಾಜ್ ಮೆಸೆಂಜರ್ಸ್ ತಂಡದ 'ಅ ಚಾಂಟ್ ಫಾರ್ ಬು' ಅನ್ನೋದ್ರಿಂದ. ಮೂಲದಲ್ಲಿ ಅದು ಆರರ ನಡೆ, ಟಿಪ್ ಅದನ್ನ ತುಂಡು ಮಾಡಿ ನಾಲ್ಕರ ನಡೆಗೆ ಕೂರಿಸಿದಾನೆ. ತಾಳ ಗೊತ್ತಿರೋರು ಮೂಲ ಹಾಕ್ಕೊಂಡು ಒಂದ್ಸಲ ತೊಡೆ ತಟ್ಟಿ ನೋಡಿ, ಆ ಸೇರಿಸಿದ ಜಾಗ ಎಲ್ಲಿದೆ ಅಂತ ಹುಡುಕೋದೇ ಒಂದು ಮಜಾ.

ಒಂದು ಹಾಡಿಗೆ ಮಾತ್ರ ಸ್ಯಾಂಪಲ್ ಸಾಲಲ್ಲ, ನಿಜವಾದ ಬೇಸೇ ಬೇಕು ಅನ್ಸಿ ಕರೆದಿದ್ದು ಯಾರನ್ನ ಅಂದ್ರೆ ರಾನ್ ಕಾರ್ಟರನ್ನ! ಅರವತ್ತರ ದಶಕದಲ್ಲಿ ಜಾಜ್ ದಿಗ್ಗಜ ಮೈಲ್ಸ್ ಡೇವಿಸ್ ಕ್ವಿಂಟೆಟ್‌ನಲ್ಲಿ, ಅಂದ್ರೆ ಐವರ ತಂಡದಲ್ಲಿ, ಬೇಸ್ ನುಡಿಸಿದೋರು. ಬೈಗುಳ ಇರಬಾರ್ದು ಅನ್ನೋ ಷರತ್ತು ಹಾಕಿ ಬಂದ್ರು, 'ವರ್ಸಸ್ ಫ್ರಮ್ ದಿ ಆಬ್‌ಸ್ಟ್ರಾಕ್ಟ್' ಹಾಡಲ್ಲಿ ನುಡಿಸಿದ್ರು. ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಡ್ರಮ್ ಲೂಪ್ ಒಂದೇ ಥರ ಸುತ್ತುತ್ತೆ, ಕಾರ್ಟರ್ ಮಾತ್ರ ಪ್ರತಿ ಸುತ್ತಲ್ಲೂ ಒಂಚೂರು ಬೇರೆ, ಒಂದ್ಕಡೆ ಜಾರಿಸ್ತಾರೆ, ಒಂದ್ಕಡೆ ಸುಮ್ನಿರ್ತಾರೆ.

ಈಗ ನನ್ನ ಕಸುಬಿನವನ ವಿಷಯ. ಬಾಬ್ ಪವರ್, ಈ ಆಲ್ಬಂನ ಎಂಜಿನಿಯರ್. ಜಾಜ್ ಗಿಟಾರ್ ನುಡಿಸ್ತಿದ್ದ, ಸಂಗೀತ ಓದ್ಕೊಂಡ ಬಿಳಿ ಮನುಷ್ಯ, ಹಿಪ್ ಹಾಪ್ ಹುಡುಗ್ರಿಗಿಂತ ವಯಸ್ಸಲ್ಲೂ ದೊಡ್ಡೋನು. ಆ ಕಾಲದಲ್ಲಿ ಎಷ್ಟೋ ಎಂಜಿನಿಯರ್‌ಗಳು ಸ್ಯಾಂಪಲ್ ಹಾಡು ಅಂದ್ರೆ ಇದೇನು ಸಂಗೀತಾನಾ ಅಂತ ಮೂಗು ಮುರೀತಿದ್ರು. ಪವರ್ ಕೂತ್ಕೊಂಡು ಒಂದೊಂದು ಸ್ಯಾಂಪಲಿನ ಚಟಪಟ, ಹಿಸ್ ಎಲ್ಲ ಗಂಟೆಗಟ್ಲೆ ತೆಗೆದು, ಕಿಕ್ಕಿಗೊಂದು ಜಾಗ, ಬೇಸಿಗೊಂದು ಜಾಗ ಮಾಡಿಕೊಟ್ಟ. ಬಹುಪಾಲು ಕೆಲಸ ಮ್ಯಾನ್‌ಹ್ಯಾಟನ್ನಿನ ಬ್ಯಾಟರಿ ಸ್ಟುಡಿಯೋಸ್‌ನಲ್ಲಿ ಆಯ್ತು. ಕಿಕ್ ಹೊಡೆಯೋ ಕ್ಷಣದಲ್ಲಿ ಬೇಸ್ ಏನ್ ಮಾಡ್ತಿದೆ ಅಂತ ಗಮನ ಇಟ್ಟು ಕೇಳಿದ್ರೆ ಕಿಕ್ ಗಿಡ್ಡಕೆ ಹೊಡೆದು ಹೊರಟೋಗುತ್ತೆ, ಬೇಸ್ ಬಾಲ ಬಿಡುತ್ತೆ, ಒಬ್ಬರ ಕಾಲು ಒಬ್ಬರು ತುಳಿಯಲ್ಲ. ನನಗೆ ಈ ಒಂದು ವಿಷಯ ಅರ್ಥ ಆಗಕ್ಕೆ ಕೆಲಸ ಶುರು ಮಾಡಿ ನಾಲ್ಕೈದು ವರ್ಷ ಬೇಕಾಯ್ತು, ಅಲ್ಲಿವರೆಗೂ ನಾನೂ ಇಕ್ಯೂ ಗುಬಟು ತಿರುಗಿಸಿ ಏರಿಸೋ ಪಂಗಡದವನೇ.

ಆಲ್ಬಂ ಬಂದಿದ್ದು 1991ರ ಸೆಪ್ಟೆಂಬರ್ 24. ನಿರ್ವಾಣ ಅನ್ನೋ ರಾಕ್ ಗುಂಪಿನ 'ನೆವರ್‌ಮೈಂಡ್' ಆಲ್ಬಂ ಬಂದಿದ್ದೂ ಅದೇ ದಿನ, ಅಂಗಡಿಗೆ ಹೋದೋರ ಪುಣ್ಯ. ಅಮೆರಿಕದ ಬಿಲ್‌ಬೋರ್ಡ್ 200 ಆಲ್ಬಂ ಪಟ್ಟೀಲಿ 45ರವರೆಗೆ ಏರ್ತು, ಅದಕ್ಕಿಂತ ಮೇಲೆ ಹೋಗ್ಲಿಲ್ಲ. 'ದ ಸೋರ್ಸ್' ಅನ್ನೋ ಹಿಪ್ ಹಾಪ್ ಪತ್ರಿಕೆ ಐದಕ್ಕೆ ಐದು ಮೈಕ್ ಕೊಡ್ತು, ಅವರಲ್ಲಿ ಮಾರ್ಕ್ಸ್ ಅಂದ್ರೆ ಮೈಕು. ಜಾಜ್ ಮತ್ತೆ ರ‍್ಯಾಪ್ ಸೇರಿಸಿದ್ರು ಅಂತ ಎಲ್ಲರೂ ಬರೆದ್ರು, ಬರೀತಾನೇ ಇದಾರೆ, ನನಗೇನೋ ಅದು ಅರ್ಧ ಮಾತು ಅನ್ಸುತ್ತೆ, ಜಾಜ್ ತುಣುಕು ಇವರಿಗಿಂತ ಮುಂಚೆ ಬೇರೆಯವರೂ ಎತ್ತಿದ್ರು, ಇವರ ಹೆಚ್ಚುಗಾರಿಕೆ ಇರೋದು ಎತ್ತಿದ್ದರ ಸುತ್ತ ಏನನ್ನೂ ತುಂಬದೆ ಬಿಟ್ಟಿದ್ರಲ್ಲಿ. ಮಾರಾಟದಲ್ಲಿ 1992ರ ಫೆಬ್ರವರಿಗೆ ಗೋಲ್ಡ್ ಆಯ್ತು, ಪ್ಲಾಟಿನಂ ಆಗಕ್ಕೆ 1995 ಬೇಕಾಯ್ತು. ಕೊನೇ ಹಾಡು 'ಸೀನಾರಿಯೋ'ದಲ್ಲಿ ಗರ್ಜಿಸಿದ ಹತ್ತೊಂಬತ್ತರ ಹುಡುಗ ಬಸ್ಟಾ ರೈಮ್ಸ್ ಅಲ್ಲಿಂದ ಸ್ಟಾರ್ ಆದ. 2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನ ಕಾಪಾಡಬೇಕಾದ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿಸ್ತು.

ಎನ್‌ಡಬ್ಲ್ಯೂಎಯಲ್ಲಿದ್ದ ಡಾಕ್ಟರ್ ಡ್ರೇ ಕೂಡ ತನ್ನ 'ದ ಕ್ರಾನಿಕ್' ಆಲ್ಬಂ ಮಾಡೋವಾಗ ತಲೇಲಿ ಇದೇ ಆಲ್ಬಂ ಇತ್ತು ಅಂತ ಹೇಳಿದಾನೆ, ಅಂದ್ರೆ ಕೊಟ್ಟಿದ್ದು ವಾಪಸ್ ಅಲ್ಲಿಗೇ ಹೋಯ್ತು.

ಇನ್ನೊಂದು ವಿಷಯ, ಇದು ಬಂದ ಮೂರೇ ತಿಂಗಳಿಗೆ, ಡಿಸೆಂಬರ್‌ನಲ್ಲಿ, ಬಿಜ್ ಮಾರ್ಕಿ ಅನ್ನೋ ಹಿಪ್ ಹಾಪ್ ಹಾಡುಗಾರ ಕೇಳದೇ ಬೇರೆಯವರ ಹಾಡಿನ ತುಣುಕು ಎತ್ತಿದ ಕೇಸಲ್ಲಿ ನ್ಯೂಯಾರ್ಕಿನ ಜಡ್ಜು ಕದಿಯಬೇಡ ಅನ್ನೋ ಬೈಬಲ್ ಮಾತಿಂದ್ಲೇ ತೀರ್ಪು ಶುರು ಮಾಡಿದ್ರು. ಆಮೇಲೆ ಪ್ರತಿ ತುಣುಕಿಗೂ ಪರ್ಮಿಷನ್ನು, ದುಡ್ಡು, ಲಾಯರ್ರು. ಆರು ತಿಂಗಳು ತಡ ಆಗಿದ್ರೆ ಈ ಆಲ್ಬಂ ಇದೇ ರೂಪದಲ್ಲಿ ಬರೋದು ಕಷ್ಟ ಇತ್ತು ಅಂತ ನನ್ನ ಲೆಕ್ಕ. ಸ್ಟುಡಿಯೋಗೆ ಬರೋ ಹುಡುಗ್ರಿಗೂ ಇದನ್ನ ಹೇಳ್ತೀನಿ, ಹಳೇ ಕನ್ನಡ ಸಿನಿಮಾ ಹಾಡಿನ ತುಣುಕು ಎತ್ಕೊಂಡು ಬಂದು ಯಾರಿಗ್ ಗೊತ್ತಾಗುತ್ತೆ ಅಣ್ಣ ಅಂತಾರೆ, ಅಪ್‌ಲೋಡ್ ಮಾಡಿದ ಮಾರನೇ ಬೆಳಗ್ಗೆಯೇ ಗೊತ್ತಾಗುತ್ತೆ.

ಫೈಫ್ 2016ರ ಮಾರ್ಚಲ್ಲಿ ಅದೇ ಶುಗರ್ ತೊಂದರೆಯಿಂದ ಹೋದ, 45 ವಯಸ್ಸು. ಅದೇ ವರ್ಷ ನವೆಂಬರಲ್ಲಿ ಬಂದ ಗುಂಪಿನ ಕೊನೇ ಆಲ್ಬಂ, ಅವನ ದನಿ ಇರೋದು, ಬಿಲ್‌ಬೋರ್ಡಲ್ಲಿ ನೇರ ಮೊದಲನೇ ಸ್ಥಾನಕ್ಕೆ ಹೋಯ್ತು.

ಆವತ್ತು ಹುಡುಗ್ರ ಮುಂದೇನೇ ಸಬ್ ಬೇಸ್ ಮ್ಯೂಟ್ ಮಾಡ್ದೆ, ಸಿಂಥ್ ಬೇಸ್ ಮ್ಯೂಟ್ ಮಾಡ್ದೆ, ಕಿಕ್ಕಿನ ಬಾಲ ಕತ್ತರಿಸ್ದೆ, 808ಗೆ ಮೇಲಿನ ಸ್ವರಾಂಶ ಹುಟ್ಟಿಸೋ ಸ್ಯಾಚುರೇಷನ್ ಸ್ವಲ್ಪ ಕೊಟ್ಟು ಅದರ ಸದ್ದು ಎರಡು ಡಿಬಿ ಇಳಿಸ್ದೆ. ಕೆಳಗೆ ಹೋಗಿ ಕಾರಲ್ಲಿ ಹಾಕಿ ಕೇಳ್ಕೊಂಡು ಬಂದ್ರು. ಇಬ್ಬರು ಸೂಪರ್ ಅಣ್ಣ ಅಂದ್ರು. ಮೂರನೆಯವನು ಇವತ್ತಿಗೂ ಒಪ್ಪಿಲ್ಲ, ವಾರಕ್ಕೊಂದು ಮೆಸೇಜ್ ಹಾಕ್ತಾನೆ. ಆಮೇಲೆ ಗೊತ್ತಾಯ್ತು, ಅವನ ಕಾರಿನ ಡಿಕ್ಕೀಲಿ ಹನ್ನೆರಡು ಇಂಚಿನ ವೂಫರ್ ಎರಡು ಇವೆಯಂತೆ.