ಎಂ.ಪಿ.ಟಿ. ಆಚಾರ್ಯ ಮತ್ತು ಮಗ್ದಾ ನಾಖ್‌ಮಾನ್: ಓದಿಗೆ ಕೂರುವ ಮುನ್ನ

ಎಂ.ಪಿ.ಟಿ. ಆಚಾರ್ಯ ಭಾರತದ ಕ್ರಾಂತಿಕಾರಿ, ಮಗ್ದಾ ನಾಖ್‌ಮಾನ್ ಅವರ ಪತ್ನಿ, ರಷ್ಯದ ಚಿತ್ರಕಾರ್ತಿ. ಮುಂಬಯಿಯಲ್ಲಿ ಓದುವ ನಾವು ಇವರಿಬ್ಬರ ಪಾಠದಲ್ಲಿ ಮೊದಲು ಎಡವುವುದು ಶಬ್ದದಲ್ಲೇ, ಆಚಾರ್ಯರು ದೇಶ ಬಿಟ್ಟದ್ದನ್ನು ಏನೆಂದು ಕರೆಯುವುದು ಎಂಬಲ್ಲಿ. ಹೊಟ್ಟೆಪಾಡಿಗೆ ಊರು ಬಿಟ್ಟವರು ನಾಗರಪಂಚಮಿಗೋ ದೈವದ ನೇಮಕ್ಕೋ ಹೋಗಿ ಬರುತ್ತಾರೆ. ಗಡೀಪಾರಾದವರನ್ನು ಸರ್ಕಾರವೇ ಅಟ್ಟುತ್ತದೆ. ಆಚಾರ್ಯರದು ಎರಡೂ ಅಲ್ಲ. 1908ರಲ್ಲಿ ತಾವಾಗಿಯೇ ದೇಶ ಬಿಟ್ಟರು, ಮರಳಿದ್ದು 1935ರಲ್ಲಿ. ಹಾಗಾಗಿ ‘ದೇಶಾಂತರ’ ಎಂದೇ ಬರೆಯಿರಿ.

ಹುಟ್ಟಿದ್ದು 1887, ಮದ್ರಾಸು. ಹೆಸರಿನ ಮೊದಲ ‘ಎಂ.’ ಎಂದರೆ ‘ಮಂಡಯಂ’. ಅದು ನಮಗೆ ಹೊಸದಲ್ಲ, ಮೇಲುಕೋಟೆಯ ಕಡೆಯ ಶ್ರೀವೈಷ್ಣವ ಮನೆತನಗಳದು.

ಒಂದು ಹಾಳೆಯಲ್ಲಿ ನಾಲ್ಕು ಕಂಬಸಾಲು ಎಳೆಯಿರಿ: ವರ್ಷ, ಊರು, ಸಂಘಟನೆ, ಮನೆ. ಕೊನೆಯದನ್ನು ಬಿಟ್ಟರೆ ಉಳಿಯುವುದು ಪಕ್ಷದ ಇತಿಹಾಸ ಮಾತ್ರ.

1920ರ ಅಕ್ಟೋಬರಿನಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದ ಏಳು ಮಂದಿಯಲ್ಲಿ ಆಚಾರ್ಯರೂ ಒಬ್ಬರು. (ಭಾರತದೊಳಗೆ ಪಕ್ಷ ಕಟ್ಟಿದ 1925ರ ಕಾನ್ಪುರ ಸಮ್ಮೇಳನ ಬೇರೆ, ಪರೀಕ್ಷೆಯಲ್ಲಿ ಬೆರೆಸಬೇಡಿ.) ಪಕ್ಷದ ಮುಂದಾಳು ಎಂ.ಎನ್. ರಾಯ್ ಜೊತೆ ಜಗಳವಾಗಿ 1921ರ ಜನವರಿಯಲ್ಲೇ ಹೊರಬಿದ್ದರು. 1922ರ ಕೊನೆಗೆ ಬರ್ಲಿನ್, ಅಲ್ಲಿ ಯಾವ ಪ್ರಭುತ್ವವೂ ಬೇಡವೆನ್ನುವ ಅರಾಜಕತಾವಾದಿಗಳ ಒಡನಾಟ. ಇದನ್ನು ‘ಭ್ರಮನಿರಸನ’ ಎಂದು ಒಂದೇ ಪದದಲ್ಲಿ ಮುಗಿಸಿದರೆ ಅಂಕವೂ ಹೋಯಿತು, ಅರ್ಥವೂ ಹೋಯಿತು. ಅವರ ನಂಬಿಕೆ ಮುರಿದದ್ದು ಪಕ್ಷದ ಮೇಲೆ, ಪ್ರಭುತ್ವದ ಮೇಲೆ. ಬಂಡವಾಳಶಾಹಿಯ ವಿರೋಧ ಕೊನೆತನಕ ಉಳಿಯಿತು.

‘ಮನೆ’ಯ ಸಾಲಿಗೆ ಬನ್ನಿ. ಮಗ್ದಾ ಹುಟ್ಟಿದ್ದು 1889ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ರಷ್ಯದ ಹೆಸರಾಂತ ಚಿತ್ರಕಾರ ಲಿಯೋನ್ ಬಾಕ್ಸ್ಟ್ ಬಳಿ ಕಲಿತ ಚಿತ್ರಕಾರ್ತಿ. 1913ರಲ್ಲಿ ಕವಯಿತ್ರಿ ಮರೀನಾ ತ್ಸ್ವೆತಾಯೆವಾ ಅವರನ್ನು ಎದುರು ಕೂರಿಸಿ ಚಿತ್ರ ಬರೆದವರು. ಮಗ್ದಾ, ಆಚಾರ್ಯ ಇಬ್ಬರೂ ಜೊತೆಯಾದದ್ದು ಮಾಸ್ಕೋದಲ್ಲಿ, ಆಚಾರ್ಯರಿಗೆ ಪಕ್ಷದ ಆಸರೆ ತಪ್ಪಿದ ಹೊತ್ತಿಗೆ. ಹನ್ನೆರಡು ವರ್ಷ ಬರ್ಲಿನ್, ಅದರ ಕೊನೆಯಲ್ಲಿ ಹಿಟ್ಲರನ ಆಡಳಿತ. ಮಗ್ದಾ ಅವರ ತಂದೆ ಯಹೂದಿ, ಅಲ್ಲಿ ಉಳಿಯುವಂತಿರಲಿಲ್ಲ. 1934ರಲ್ಲಿ ಆಚಾರ್ಯರಿಗೆ ಬ್ರಿಟಿಷ್ ಪಾಸ್‌ಪೋರ್ಟ್ ಸಿಕ್ಕಿತು. ಅವರ ಹಿಂದೆಯೇ ಮಗ್ದಾ ಕೂಡ ಮುಂಬಯಿಗೆ ಬಂದರು. ಪತಿ ಮರಳಿ ಬಂದದ್ದು ತನ್ನ ದೇಶಕ್ಕೆ, ಪತ್ನಿ ಬಂದದ್ದು ಗೊತ್ತೇ ಇಲ್ಲದ ದೇಶಕ್ಕೆ. ಟಿಪ್ಪಣಿ ಬರೆಯುವಾಗ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ಆಕರ ಬಳಸುವಾಗ ಒಂದು ಎಚ್ಚರ: ಆಚಾರ್ಯರ ನೆನಪುಗಳು 1937ರಲ್ಲಿ ಪುಣೆಯ ‘ಮರಾಠಾ’ ಇಂಗ್ಲಿಷ್ ಪತ್ರಿಕೆಯಲ್ಲಿ ಬಂದವು. ಅದು ಯೌವನದ ಅಲೆದಾಟದ ಕಥನ. ಅಲ್ಲಿ ಮಗ್ದಾ ಕಾಣಲಿಲ್ಲವೆಂದು ದಾಂಪತ್ಯ ಬತ್ತಿತ್ತು ಎಂದು ಬರೆದರೆ ಅದು ಊಹೆ. ಬದುಕು ನಡೆದ ಬಗೆ ನೋಡಿ: ವಾಲ್ಕೇಶ್ವರದ ಮನೆ, ಬಾಂಬೆ ಆರ್ಟ್ ಸೊಸೈಟಿಯ ಪ್ರದರ್ಶನಗಳು, ಕೈಬಿಡದ ಬಡತನ, ಆಚಾರ್ಯರ ಕ್ಷಯರೋಗ.

1951ರ ಫೆಬ್ರವರಿ 12ರಂದು ಮಗ್ದಾ ತೀರಿಕೊಂಡರು, ತಮ್ಮ ಚಿತ್ರಪ್ರದರ್ಶನ ತೆರೆಯಲು ಕೆಲವೇ ಗಂಟೆ ಇರುವಾಗ. ಆಚಾರ್ಯರು ತೀರಿಕೊಂಡದ್ದು 1954ರ ಮಾರ್ಚ್‌ನಲ್ಲಿ. ನಡುವಿನ ಮೂರು ವರ್ಷದ ಮುಂದೆ ‘ಏನಿಲ್ಲ’ ಎಂದು ಗೀಟು ಎಳೆಯಬೇಡಿ. ಅಸ್ವಸ್ಥ ಮುದುಕರೊಬ್ಬರು ಹೆಂಡತಿಯ ಚಿತ್ರಗಳನ್ನು ಮಾರಿ ದಿನ ದೂಡಲು ನೋಡಿದ ವರ್ಷಗಳವು.