ಕಿವಿಯಿಂದ ಟ್ಯೂನ್ ಮಾಡುವ ಕಾರು

ಇವತ್ತಿನ ಕಾರಿನ ಬಾನೆಟ್ ಎತ್ತಿದರೆ ಮೊದಲು ಕಾಣುವುದು ದೊಡ್ಡದೊಂದು ಪ್ಲಾಸ್ಟಿಕ್ ಮುಚ್ಚಳ. ಒಳಗೆ ಏನಾಗಿದೆ ಅಂತ ತಿಳಿಯಬೇಕಾದರೆ ಸ್ಕ್ಯಾನರ್ ಚುಚ್ಚಬೇಕು. 1962ರಲ್ಲಿ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿ ಈ ಗೋಜೇ ಇಲ್ಲ. ಗಾಳಿ ಎಷ್ಟು ಬಂತು ಅಂತ ಅಳೆಯುವ ಸೆನ್ಸರ್ ಇಲ್ಲ. ಪೆಟ್ರೋಲ್ ಎಷ್ಟು ಬಿಡಬೇಕು ಅಂತ ಲೆಕ್ಕ ಹಾಕುವ ಕಂಪ್ಯೂಟರ್ ಇಲ್ಲ. ಆದರೂ ಅಳತೆ ನಡೆಯುತ್ತದೆ, ಲೆಕ್ಕವೂ ನಡೆಯುತ್ತದೆ. ಅದಕ್ಕೆ ಬೇಕಾಗಿರುವುದು ಒಂದು ಪಿಸ್ಟನ್, ಒಂದು ಚೂಪು ಸೂಜಿ, ಒಂದಿಷ್ಟು ಎಣ್ಣೆ. ಸರಿಯಾಗಿದೆಯೋ ಇಲ್ಲವೋ ಅಂತ ನೋಡುವ ಕೆಲಸ ಮಾತ್ರ ಮಾಲೀಕರ ಕಿವಿ, ಕಣ್ಣು, ಮೂಗಿಗೆ ಸೇರಿದ್ದು. ಬ್ರಿಟನ್ನಿನಲ್ಲಿ ಇವತ್ತಿಗೂ ಎಷ್ಟೋ ಜನ ರಜೆ ಬಂದರೆ ಗ್ಯಾರೇಜ್ ಬಾಗಿಲು ತೆಗೆದು ಈ ಕಾರನ್ನು ತಾವೇ ರಿಪೇರಿ ಮಾಡಿಕೊಳ್ಳುವುದು ಇದರಿಂದಲೇ ಸಾಧ್ಯವಾಗಿದೆ.

ಎಂಜಿ ಅಂದ ಕೂಡಲೇ ನಮ್ಮವರಿಗೆ ಹೆಕ್ಟರ್ ನೆನಪಾಗಬಹುದು. ಹೆಸರು ಅದೇ. ಆದರೆ ಆ ಬ್ರ್ಯಾಂಡ್ ಈಗ ಚೀನಾದ ಸೈಕ್ ಕಂಪನಿಯ ಕೈಯಲ್ಲಿದೆ. ಎಂಜಿಬಿಗೆ ನಿಜವಾಗಿ ಹತ್ತಿರದ ನಂಟ ಅಂದರೆ ನಮ್ಮ ಅಂಬಾಸಡರ್. ಅದರಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್. 1955ರ ಎಂಜಿಎ ಸ್ಪೋರ್ಟ್ಸ್ ಕಾರಿಗೂ ಇದೇ ಸೀರೀಸಿನ 1489 ಸಿಸಿ ಎಂಜಿನ್ ಇತ್ತು. ಅದನ್ನೇ 1798 ಸಿಸಿಗೆ ಹಿಗ್ಗಿಸಿ ಎಂಜಿಬಿಗೆ ಕೂರಿಸಿದರು. ಅಂಬಾಸಡರ್ ಟ್ಯಾಕ್ಸಿ ರಿಪೇರಿ ಮಾಡಿದ ಹಳೇ ಮೆಕ್ಯಾನಿಕ್ ಒಬ್ಬರನ್ನು ಎಂಜಿಬಿ ಮುಂದೆ ನಿಲ್ಲಿಸಿದರೆ ಅವರಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ.

ಈ ಕಾರಿನಲ್ಲಿ ನನಗೆ ಅತ್ಯಂತ ಜಾಣತನದ ಭಾಗ ಅನ್ನಿಸುವುದು ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಎಸ್‌ಯು ಕಾರ್ಬ್ಯುರೇಟರ್. ಎಸ್‌ಯು ಅಂದರೆ ಸ್ಕಿನ್ನರ್ಸ್ ಯೂನಿಯನ್. ಸ್ಕಿನ್ನರ್ ಸಹೋದರರ ಮನೆಯಲ್ಲಿ ಶೂ ವ್ಯಾಪಾರ ಇತ್ತು. ಅವರ ಮೊದಲ ಕಾರ್ಬ್ಯುರೇಟರುಗಳಲ್ಲಿ ಪಿಸ್ಟನ್ ಬದಲು ಚರ್ಮದ ತಿದಿ ಇತ್ತು ಅಂದರೆ ಆಶ್ಚರ್ಯವೇನಿಲ್ಲ, ಅಲ್ವಾ? 1926ರಲ್ಲಿ ಎಂಜಿಯ ಒಡೆಯರೂ ಆಗಿದ್ದ ಕಾರು ತಯಾರಕ ವಿಲಿಯಂ ಮಾರಿಸ್ ಆ ಕಂಪನಿಯನ್ನು ಕೊಂಡರು. ಆಮೇಲೆ ದಶಕಗಟ್ಟಲೆ ಬ್ರಿಟಿಷ್ ಕಾರುಗಳ ಬಾನೆಟ್ ಕೆಳಗೆ ಎಸ್‌ಯುವೇ ಎಸ್‌ಯು.

ಅದು ಬಿಡಿಸಿದ ಸಮಸ್ಯೆ ಹೀಗಿದೆ. ಗಾಳಿ ಕಿರಿದಾದ ದಾರಿಯಲ್ಲಿ ಜೋರಾಗಿ ನುಗ್ಗಿದರೆ ಅಲ್ಲಿ ಒತ್ತಡ ಇಳಿಯುತ್ತದೆ. ಆ ಇಳಿದ ಒತ್ತಡವೇ ಪೆಟ್ರೋಲನ್ನು ಮೇಲಕ್ಕೆ ಎಳೆಯುತ್ತದೆ. ಆದರೆ ದಾರಿಯ ಅಗಲ ಒಂದೇ ಇದ್ದರೆ ತೊಂದರೆ. ಎಂಜಿನ್ ನಿಧಾನಕ್ಕೆ ತಿರುಗುವಾಗ ಗಾಳಿ ಸಾಲದೆ ಎಳೆತ ತೀರಾ ಕಡಿಮೆ, ಜೋರಾಗಿ ತಿರುಗುವಾಗ ತೀರಾ ಜಾಸ್ತಿ. ಬೇರೆ ಕಂಪನಿಗಳು ಇದಕ್ಕೆ ಎರಡು ಮೂರು ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು), ಒಂದು ಪಂಪು ಅಂತ ಸೇರಿಸುತ್ತಾ ಹೋದವು. ಎಸ್‌ಯು ಮಾಡಿದ್ದೇ ಬೇರೆ. ಗಾಳಿಯ ವೇಗವನ್ನು ಹೆಚ್ಚುಕಡಿಮೆ ಒಂದೇ ಸಮ ಇಟ್ಟು, ದಾರಿಯನ್ನೇ ಹಿಗ್ಗಿಸಿ ಕುಗ್ಗಿಸಿತು.

ದಾರಿಗೆ ಅಡ್ಡಲಾಗಿ ಒಂದು ಪಿಸ್ಟನ್ ಇಳಿಬಿದ್ದಿರುತ್ತದೆ. ಮೇಲೆ ಗಂಟೆ ಆಕಾರದ ಗೂಡು. ಪಿಸ್ಟನ್ ತಳದ ತೂತುಗಳ ಮೂಲಕ ಗಾಳಿದಾರಿಯ ಕಡಿಮೆ ಒತ್ತಡ ಆ ಗೂಡಿಗೂ ತಲುಪುತ್ತದೆ. ಆಕ್ಸಿಲರೇಟರ್ ತುಳಿದಾಗ ಗಾಳಿ ಹೆಚ್ಚುತ್ತದೆ, ಗೂಡಿನ ಒತ್ತಡ ಇಳಿಯುತ್ತದೆ, ಪಿಸ್ಟನ್ ಮೇಲೇಳುತ್ತದೆ. ಅದರ ತೂಕ ಮತ್ತು ಮೇಲಿನ ಸ್ಪ್ರಿಂಗಿನ ಒತ್ತಿಗೆ ಎಳೆತ ಸರಿಸಮ ಆದ ಕಡೆ ನಿಲ್ಲುತ್ತದೆ. ಎಂಜಿನ್ ಎಷ್ಟು ಗಾಳಿ ಕುಡಿಯುತ್ತಿದೆ ಅನ್ನುವುದನ್ನು ಆ ಪಿಸ್ಟನ್ ತನ್ನ ಎತ್ತರದಲ್ಲೇ ತೋರಿಸುತ್ತಿರುತ್ತದೆ. ಅದರ ತಳಕ್ಕೆ ಸಿಕ್ಕಿಸಿದ ಸೂಜಿ ಪೆಟ್ರೋಲ್ ಬರುವ ಜೆಟ್ಟಿನೊಳಗೆ ಇಳಿದಿರುತ್ತದೆ. ಸೂಜಿ ತುದಿಗೆ ಹೋದಂತೆ ಸಣ್ಣ. ಹಾಗಾಗಿ ಪಿಸ್ಟನ್ ಎದ್ದಷ್ಟೂ ಸೂಜಿಯ ಸುತ್ತಲಿನ ಸಂದು ದೊಡ್ಡದಾಗುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಸೂಜಿಯ ಮೈ ಎಲ್ಲೆಲ್ಲಿ ಎಷ್ಟು ದಪ್ಪ ಇರಬೇಕು ಅನ್ನುವುದರಲ್ಲೇ ಆ ಎಂಜಿನ್ನಿನ ಇಡೀ ಲೆಕ್ಕ ಅಡಗಿದೆ. ಒಂದೊಂದು ಎಂಜಿನ್ನಿಗೂ ಅದರದ್ದೇ ಸೂಜಿ. ಇಂಥ ನೂರಾರು ಬಗೆಯ ಸೂಜಿಗಳಿದ್ದವು.

ಪಿಸ್ಟನ್ ಮತ್ತು ಗೂಡಿನ ನಡುವೆ ರಿಂಗ್ ಇಲ್ಲ, ರಬ್ಬರ್ ಇಲ್ಲ. ಕೂದಲೆಳೆಯಷ್ಟು ಸಂದು ಬಿಟ್ಟು ಜೋಡಿಯಾಗಿಯೇ ಮಾಡಿರುತ್ತಾರೆ. ಎಂಜಿಬಿಯಲ್ಲಿ ಎರಡು ಕಾರ್ಬ್ಯುರೇಟರ್ ಇರುವುದರಿಂದ, ಬಿಚ್ಚಿ ತೊಳೆದ ಮೇಲೆ ಇದರ ಪಿಸ್ಟನ್ ಅದಕ್ಕೆ ಹಾಕಿದರೆ ಕೆಲಸ ಕೆಟ್ಟಿತು. ಉಪ್ಪುಕಾಗದ ಹಿಡಿದು ಉಜ್ಜುವುದಂತೂ ಬೇಡವೇ ಬೇಡ. ಬಟ್ಟೆಗೆ ಪೆಟ್ರೋಲ್ ಹಚ್ಚಿ ಒರೆಸಿದರೆ ಸಾಕು.

ಮಿಶ್ರಣ ಸರಿಯಾಗಿದೆಯಾ ಅಂತ ಹೇಗೆ ತಿಳಿಯುವುದು? ಕಾರ್ಬ್ಯುರೇಟರ್ ಪಕ್ಕದಲ್ಲಿ ಒಂದು ಸಣ್ಣ ಪಿನ್ ಇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಐಡ್ಲಿಂಗಿನಲ್ಲಿ ಬಿಟ್ಟು, ಆ ಪಿನ್ನನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಪಿಸ್ಟನ್ನನ್ನು ಮುಕ್ಕಾಲು ಮಿಲಿಮೀಟರಿನಷ್ಟು ಎತ್ತಬೇಕು. ಹಾಗೆ ಎತ್ತಿದಾಗ ದಾರಿ ಅಗಲವಾಗಿ ಎಳೆತ ಕುಗ್ಗುತ್ತದೆ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಎಂಜಿನ್ ವೇಗ ಏರಿ ಹಾಗೇ ಉಳಿದರೆ ಮೊದಲೇ ಪೆಟ್ರೋಲ್ ಜಾಸ್ತಿ ಇತ್ತು ಅಂತ ಅರ್ಥ. ತಕ್ಷಣ ಮುಗ್ಗರಿಸಿ ನಿಲ್ಲುವ ಹಾಗಾದರೆ ಪೆಟ್ರೋಲ್ ಸಾಲದು. ಒಂದು ಕ್ಷಣ ತುಸು ಏರಿ ಮತ್ತೆ ಮೊದಲಿನ ಹಾಗಾದರೆ ಸರಿಯಾಗಿದೆ. ತಿದ್ದುವುದಕ್ಕೆ ಕೆಳಗೊಂದು ಆರು ಮುಖದ ನಟ್ ಇದೆ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಬೇಕು. ಜೆಟ್ ಮೇಲೇರಿದರೆ ಪೆಟ್ರೋಲ್ ಕಡಿಮೆ, ಕೆಳಗಿಳಿದರೆ ಜಾಸ್ತಿ. ಇವತ್ತಿನ ಕಾರಿನಲ್ಲಿ ಸೈಲೆನ್ಸರ್ ಪೈಪಿನೊಳಗೆ ಕೂತ ಆಮ್ಲಜನಕ ಸೆನ್ಸರ್ ಕಂಪ್ಯೂಟರಿಗೆ ಹೇಳಿಕೊಡುವುದನ್ನೇ ಇಲ್ಲಿ ಬೆರಳು ಮತ್ತು ಕಿವಿ ಸೇರಿ ಕಂಡುಹಿಡಿಯುತ್ತವೆ.

ಎರಡೂ ಕಾರ್ಬ್ಯುರೇಟರ್ ಒಂದೇ ಪ್ರಮಾಣದಲ್ಲಿ ಗಾಳಿ ಎಳೆಯಬೇಕಲ್ಲ, ಅದಕ್ಕೆ ಒಂದು ಮಾರು ರಬ್ಬರ್ ಪೈಪ್ ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬ್ಯುರೇಟರ್ ಬಾಯಿಗೆ. ಹಿಸ್ ಅನ್ನುವ ಸದ್ದು ಎರಡರಲ್ಲೂ ಒಂದೇ ಸಮ ಬರುವ ತನಕ ಸ್ಕ್ರೂ ತಿರುಗಿಸುವುದು. ಇದಕ್ಕೆ ಮೀಟರುಗಳೂ ಸಿಗುತ್ತವೆ. ಆದರೆ ಪಳಗಿದವರು ಪೈಪನ್ನೇ ನಂಬುತ್ತಾರೆ.

ಇನ್ನು ಎಣ್ಣೆಯ ವಿಷಯ. ಪಿಸ್ಟನ್ನಿನ ಟೊಳ್ಳು ಕಡ್ಡಿಯೊಳಗೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿರುತ್ತಾರೆ, ಅದರಲ್ಲಿ ಒಂದು ಡ್ಯಾಂಪರ್ ಮುಳುಗಿರುತ್ತದೆ. ಆಕ್ಸಿಲರೇಟರನ್ನು ಥಟ್ಟನೆ ತುಳಿದರೆ ಎಣ್ಣೆ ಪಿಸ್ಟನ್ನನ್ನು ಒಂದು ಗಳಿಗೆ ತಡೆಯುತ್ತದೆ. ದಾರಿ ಇನ್ನೂ ಕಿರಿದು, ಗಾಳಿ ಮಾತ್ರ ಜೋರು. ಹಾಗಾಗಿ ಎಳೆತ ಏರಿ ಪೆಟ್ರೋಲ್ ಜಾಸ್ತಿ ಬರುತ್ತದೆ. ವೇಗ ಹೆಚ್ಚಿಸಬೇಕಾದರೆ ಎಂಜಿನ್ನಿಗೆ ಬೇಕಾಗಿರುವುದೂ ಅದೇ. ಎಣ್ಣೆ ಒಣಗಿದರೆ ಕಾರು ತುಳಿದ ಕೂಡಲೇ ಒಮ್ಮೆ ಬಿಕ್ಕುತ್ತದೆ. ಜನ ಸುಮ್ನೆ ಪ್ಲಗ್, ಕಾಯಿಲ್ ಎಲ್ಲ ಬದಲಾಯಿಸಿ ಸುಸ್ತಾಗುತ್ತಾರೆ. ನಾಲ್ಕು ಹನಿ ಎಣ್ಣೆಯ ಕೆಲಸ ಅದು.

ಪೆಟ್ರೋಲ್ ಪಂಪೂ ಎಸ್‌ಯುದೇ. ವಿದ್ಯುತ್ತಿನದು, ಕಾರಿನ ಹಿಂಭಾಗದಲ್ಲಿದೆ. ಕೀ ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ. ಕಾರ್ಬ್ಯುರೇಟರಿನ ಬಟ್ಟಲು ತುಂಬಿದಾಗ, ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ಆಗುವ ಹಾಗೆ, ತೇಲುಗುಂಡು ಎದ್ದು ದಾರಿ ಮುಚ್ಚುತ್ತದೆ. ಟಿಕ್ ಟಿಕ್ ನಿಲ್ಲುತ್ತದೆ. ನಿಲ್ಲದೆ ಬಡಿದುಕೊಳ್ಳುತ್ತಲೇ ಇದ್ದರೆ ಟ್ಯಾಂಕ್ ಖಾಲಿ ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಸದ್ದೇ ಬರದಿದ್ದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು. ಆಗ ಪಂಪಿಗೆ ಮೆಲ್ಲಗೊಂದು ಏಟು ಕೊಟ್ಟು ಮನೆ ತಲುಪಿದವರು ಬಹಳ.

ವಿದ್ಯುತ್ ಅಂದ ಮೇಲೆ ಲೂಕಸ್ ಬಗ್ಗೆ ಹೇಳಲೇಬೇಕು. ಕಾರಿನ ವಿದ್ಯುತ್ ಭಾಗಗಳನ್ನು ಮಾಡುತ್ತಿದ್ದ ಬರ್ಮಿಂಗ್‌ಹ್ಯಾಮಿನ ಈ ಕಂಪನಿಗೆ ಕಾರುಪ್ರಿಯರು ಇಟ್ಟ ಅಡ್ಡಹೆಸರು ‘ಕತ್ತಲೆಯ ರಾಜಕುಮಾರ’. ಇಂಗ್ಲಿಷರು ಬಿಯರನ್ನು ತಣ್ಣಗೆ ಕುಡಿಯದಿರುವುದು ಅವರ ಫ್ರಿಜ್ಜೂ ಲೂಕಸ್ ಆಗಿರುವುದರಿಂದ ಅಂತ ಜೋಕ್ ಬೇರೆ. ನನ್ನ ಪ್ರಕಾರ ಈ ಕೆಟ್ಟ ಹೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಅನ್ಯಾಯ. ಅರವತ್ತು ವರ್ಷ ಮಳೆಯಲ್ಲಿ ನೆಂದ ಯಾವ ಜೋಡಣೆ ತಾನೇ ಸರಿಯಾಗಿ ಇದ್ದೀತು?

ಲೆಕ್ಕ ಹಾಕಿ ನೋಡಿ. 60 ವ್ಯಾಟಿನ ಒಂದು ಹೆಡ್‌ಲೈಟ್ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ, ಎರಡು ಸೇರಿ 10. ದಾರಿಯಲ್ಲಿ ಹಸಿರುಗಟ್ಟಿದ ಒಂದು ಕನೆಕ್ಟರ್ ಬರೀ 0.1 ಓಮ್ ತಡೆ ಒಡ್ಡಿದರೂ 1 ವೋಲ್ಟ್ ಅಲ್ಲೇ ಸೋರಿಹೋಯಿತು. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. 12ರ ಬದಲು 11 ವೋಲ್ಟ್ ಸಿಕ್ಕಿದರೆ ಕಾಲು ಭಾಗ ಬೆಳಕು ಮಾಯ. 10 ಸಿಕ್ಕಿದರೆ ಹತ್ತಿರ ಹತ್ತಿರ ಅರ್ಧ. ಬಲ್ಬ್ ಹೊಸದು, ಬ್ಯಾಟರಿ ಹೊಸದು, ಬೆಳಕು ಮಾತ್ರ ಮಂಕು.

ಇದರಲ್ಲಿ ದೊಡ್ಡ ಕಳ್ಳ ಅರ್ಥಿಂಗ್. ತಂತಿ ಉಳಿಸಲು ಕಾರಿನ ಮೈಯನ್ನೇ ವಾಪಸ್ ದಾರಿ ಮಾಡಿರುತ್ತಾರೆ. ಮೈಗೆ ತುಕ್ಕು ಹಿಡಿದರೆ ದಾರಿ ಕೆಟ್ಟಿತು. ಆಗ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಅದರ ಜೊತೆ ಮಿಣುಕುವುದು ಇದರಿಂದಲೇ. ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಎಂಜಿನ್ ರಬ್ಬರ್ ಮೇಲೆ ಕೂತಿರುವುದರಿಂದ ಎಂಜಿನ್–ಗೇರ್‌ಬಾಕ್ಸನ್ನು ಮೈಗೆ ಸೇರಿಸುವ ಒಂದು ದಪ್ಪ ಪಟ್ಟಿ ಬೇಕು. ಅದು ಕಿತ್ತುಹೋಗಿದ್ದರೆ ಸ್ಟಾರ್ಟರ್ ಎಳೆಯುವ ನೂರಕ್ಕೂ ಹೆಚ್ಚು ಆಂಪಿಯರ್, ಎಂಜಿನ್ನಿಗೂ ಮೈಗೂ ತಾಗಿರುವ ಲೋಹದ ಚೋಕ್ ಕೇಬಲ್ಲಿನಲ್ಲಿ ಹರಿಯಲು ನೋಡುತ್ತದೆ. ಸ್ಟಾರ್ಟ್ ಮಾಡುವಾಗ ಚೋಕ್ ಕೇಬಲ್ ಕೈ ಸುಡುವಷ್ಟು ಬಿಸಿಯಾದರೆ ಆ ಪಟ್ಟಿಯನ್ನು ನೋಡಿ.

ಓಮ್ ಮೀಟರ್ ಹಿಡಿದು ಇದನ್ನು ಹುಡುಕಲು ಹೊರಟರೆ ಮೋಸ ಹೋಗುತ್ತೀರಿ. ಮೀಟರಿನ ಪುಟ್ಟ ಕರೆಂಟಿಗೆ ಒಂದೇ ಒಂದು ಎಳೆ ಉಳಿದ ತಂತಿಯೂ ಚೆನ್ನಾಗಿಯೇ ಕಾಣುತ್ತದೆ. ದೀಪ ಉರಿಯುತ್ತಿರುವಾಗಲೇ, ವೋಲ್ಟ್ ಮೀಟರಿನ ಒಂದು ಕಡ್ಡಿಯನ್ನು ದೀಪದ ಅರ್ಥಿಂಗ್ ತುದಿಗೆ, ಇನ್ನೊಂದನ್ನು ಬ್ಯಾಟರಿಯ ಅರ್ಥಿಂಗ್ ತುದಿಗೆ ಹಿಡಿಯಬೇಕು. ಸೊನ್ನೆಯ ಹತ್ತಿರ ತೋರಿಸಬೇಕು. ಅರ್ಧ ವೋಲ್ಟ್ ತೋರಿಸಿದರೆ ಬಣ್ಣ ಕೆರೆದು, ಲೋಹ ಹೊಳೆಯುವ ಹಾಗೆ ಉಜ್ಜಿ ಬೋಲ್ಟ್ ಬಿಗಿ ಮಾಡಿ. ಒಂದು ಎಚ್ಚರ: 1967ರವರೆಗಿನ ಎಂಜಿಬಿಗಳಲ್ಲಿ ಮೈಗೆ ಸೇರಿರುವುದು ಬ್ಯಾಟರಿಯ ಪಾಸಿಟಿವ್ ತುದಿ. ಇದು ಗೊತ್ತಿಲ್ಲದೆ ಈಗಿನ ರೇಡಿಯೋ ಸಿಕ್ಕಿಸಿದರೆ ಹೊಗೆ ಬರುತ್ತದೆ.

ಪಾನಾದ ಕಥೆಯೂ ಮಜವಾಗಿದೆ. ಎಂಜಿಬಿಗಿಂತ ಹಿಂದಿನ ಎಂಜಿ ಟಿಸಿ, ಟಿಡಿ ಎಂಜಿನ್ನುಗಳಲ್ಲಿ ಬೋಲ್ಟಿನ ತಲೆ ಬ್ರಿಟಿಷ್ ವಿಟ್‌ವರ್ತ್ ಅಳತೆ, ಅದರ ಸುರುಳಿ ಗೆರೆ (ಥ್ರೆಡ್) ಮಾತ್ರ ಮೆಟ್ರಿಕ್. ಮೊದಲ ಮಹಾಯುದ್ಧದ ಹೊತ್ತಿಗೆ ಹಾಚ್‌ಕಿಸ್ ಅನ್ನುವ ಫ್ರೆಂಚ್ ಕಂಪನಿ ಕವೆಂಟ್ರಿಯಲ್ಲಿ ಕಾರ್ಖಾನೆ ಹಾಕಿತ್ತು. 1923ರಲ್ಲಿ ಅದನ್ನು ಮಾರಿಸ್ ಕೊಂಡಾಗ ಮೆಟ್ರಿಕ್ ಯಂತ್ರಗಳೂ ಜೊತೆಗೆ ಬಂದವು. ಗ್ಯಾರೇಜುಗಳ ಪಾನಾಗಳು ಮಾತ್ರ ಬ್ರಿಟಿಷ್ ಅಳತೆಯವೇ ಇದ್ದವು. ಹಾಗಾಗಿ ಈ ಬೆರಕೆ.

ಇಷ್ಟೆಲ್ಲ ಮಾಡಿದರೂ ಈ ಕಾರನ್ನು ಕೊನೆಗೆ ಕೊಲ್ಲುವುದು ತುಕ್ಕು. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ತೆರೆದ ಕಾರಿಗೆ ಮೇಲ್ಛಾವಣಿಯ ಬಲವೂ ಇಲ್ಲ. ಬಾಗದ ಹಾಗೆ ತಡೆಯುವ ಕೆಲಸದ ಬಹುಪಾಲು ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ತಗಡಿನ ತೊಲೆಗಳದು, ಅಂದರೆ ಸಿಲ್‌ಗಳದು. ಚಳಿಗಾಲದಲ್ಲಿ ಬ್ರಿಟನ್ನಿನ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಸಿಲ್ ಒಳಗೆ ಸೇರಿ ತುಕ್ಕನ್ನು ಚುರುಕು ಮಾಡುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ತಗಡಿನ ಪದರಗಳನ್ನು ಒಳಗಿನಿಂದಲೇ ದೂಡಿ ಬಿಡಿಸುತ್ತದೆ. ಹೊರಗೆ ಬಣ್ಣದ ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ಕಥೆ ಮುಗಿದಿರುತ್ತದೆ. ಕೊಳ್ಳುವ ಮೊದಲು ಬಾಗಿಲಿನ ಸಂದು ನೋಡಿ. ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ಕಾರು ನಡುವೆ ಕುಸಿಯುತ್ತಿದೆ. ಹೊಸ ಸಿಲ್ ಹಾಕುವವರು ಮೈಗೆ ಸರಿಯಾದ ಆಸರೆ ಕೊಟ್ಟು, ಬಾಗಿಲಿನ ಸಂದಿಯನ್ನು ಆಗಾಗ ಅಳೆಯುತ್ತಾ ಹಳೆಯದನ್ನು ಕತ್ತರಿಸಬೇಕು. ಇಲ್ಲದಿದ್ದರೆ ಕುಸಿದ ಆಕಾರವೇ ಶಾಶ್ವತವಾಗಿ ವೆಲ್ಡ್ ಆಗುತ್ತದೆ. ಪೂರ್ತಿ ಹೋಗಿದ್ದರೆ ಕೊನೆಯ ದಾರಿ ಹೊಸ ಮೈ. 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಹಳೇ ಅಚ್ಚುಗಳನ್ನೇ ಬಳಸಿ ಅದನ್ನು ಮಾಡಿಕೊಡುತ್ತಿದೆ.

ಈಗಿನ ಹೊಸ ತಲೆನೋವು ಎಥನಾಲ್. ಪೆಟ್ರೋಲ್ ಪೂರ್ತಿ ಉರಿಯಲು 1 ಪಾಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು, ಎಥನಾಲಿಗೆ ಸುಮಾರು 9 ಸಾಕು. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಇ10 (ಶೇ 10ರವರೆಗೆ ಎಥನಾಲ್ ಬೆರೆಸಿದ್ದು) ಆಗಿದೆ, ಅದಕ್ಕೆ 14.1ರ ಆಸುಪಾಸು. ನಮ್ಮ ಬಂಕುಗಳ ಇ20ಗೆ ಸುಮಾರು 13.5. ಸೂಜಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅದು ಹಳೇ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ, ಮಿಶ್ರಣದಲ್ಲಿ ಇಂಧನ ಸಾಲದಾಗುತ್ತದೆ. ಇ10 ಆದರೆ ನಟ್ಟನ್ನು ಒಂದೆರಡು ಮುಖ ಇಳಿಸಿ ಪಿನ್ ಪರೀಕ್ಷೆ ಮಾಡಿದರೆ ಸಾಮಾನ್ಯವಾಗಿ ಸಾಕು. ಇ20ಗೆ ಸೂಜಿಯನ್ನೇ ಬದಲಾಯಿಸಬೇಕಾಗಬಹುದು. ಅದಕ್ಕಿಂತ ಮೊದಲು ನೋಡಬೇಕಾದದ್ದು ರಬ್ಬರ್ ಪೈಪುಗಳನ್ನು. ಹಳೇ ರಬ್ಬರ್ ಎಥನಾಲಿಗೆ ಮೆತ್ತಗಾಗುತ್ತದೆ, ಬಿರುಕು ಬಿಡುತ್ತದೆ. ಬಿ-ಸೀರೀಸ್ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್ ಇರುವುದು ಸುಡುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನೆತ್ತಿಯ ಮೇಲೆ, ನಡುವೆ ಇರುವುದು ಒಂದು ತಗಡಿನ ಮರೆ ಮಾತ್ರ. ಹಾಗಾಗಿ ಬೇರೆ ಯಾವ ಸ್ಕ್ರೂಗೆ ಕೈ ಹಾಕುವ ಮೊದಲೂ ಪೈಪನ್ನು ಬೆರಳಲ್ಲಿ ಬಾಗಿಸಿ ನೋಡಿ. ಬಿರುಕು ಕಂಡರೆ ಎಥನಾಲ್ ತಡೆಯುವ ಪೈಪ್ ಹಾಕುವ ತನಕ ಸ್ಟಾರ್ಟ್ ಮಾಡಬೇಡಿ.