ಕರಿ ಬಣ್ಣಕ್ಕ ಬಿಳಿ ಕಲಸಿದ್ರ ಹೈಲೈಟ್ ಆಗಂಗಿಲ್ರೀ

"ಸರ, ಕರಿ ಬಣ್ಣಕ್ಕ ಹೈಲೈಟ್ ಹೆಂಗ ಕೊಡೂದ್ರಿ? ಬಿಳಿಗೆ ಶೇಡ್ ಹೆಂಗ ಕೊಡೂದ್ರಿ?"

ಸಣ್ಣ ಸೈನಿಕರ ಗೊಂಬಿ (ನಾವು ಫಿಗರ್ ಅಂತೀವಿ), ಟ್ಯಾಂಕಿನ ಮಾಡೆಲ್ ಇಂಥಾವಕ್ಕ ಬಣ್ಣ ಹಚ್ಚೂ ಮಂದಿಯಿಂದ ಈ ಪ್ರಶ್ನಿ ಈ ತಿಂಗಳದಾಗ ಐದನೇ ಸಲ ಬಂದೈತಿ. ಹೈಲೈಟ್ ಅಂದ್ರ ಬೆಳಕ ಬೀಳೂ ಉಬ್ಬಿಗೆ ಹಚ್ಚೂ ತಿಳಿ ಬಣ್ಣ, ಶೇಡ್ ಅಂದ್ರ ನೆರಳಿಗೆ ಹಚ್ಚೂ ಕಡು ಬಣ್ಣ. ಕೆಂಪು ಕೋಟಿಗೆ ಯಾರೂ ಕೇಳಂಗಿಲ್ಲ, ಹಸರು ಟ್ಯಾಂಕಿಗೂ ಕೇಳಂಗಿಲ್ಲ, ಕರಿ ಬಿಳಿ ಬಂದ ಕೂಡ್ಲೆ ಎಲ್ಲಾರೂ ಬ್ರಷ್ ಕೆಳಗಿಟ್ಟು ನನ್ನ ಕಡೆ ಬರ್ತಾರ. ಅದಕ್ಕ ಒಮ್ಮೆ ಕುಂತು ಪೂರಾ ಬರದಿಡ್ತೀನಿ, ಇನ್ನ ಮುಂದ ಕೇಳಿದವ್ರಿಗೆ ಇದನ್ನ ಕಳಸೂದು. ಪ್ರೈಮರ್ (ಬಣ್ಣಕ್ಕಿಂತ ಮೊದಲಿನ ಪದರು) ಹೆಂಗ ಹೊಡೀಬೇಕು, ಬಣ್ಣಕ್ಕ ನೀರ ಎಷ್ಟ ಬೇಕು, ಇವೆಲ್ಲಾ ಗೊತ್ತಿದ್ದವ್ರ ಓದಾಕತ್ತಾರ ಅಂತ ತಿಳ್ಕೊಂಡೇನಿ.

ಉತ್ತರ ಸಣ್ಣದೈತಿ. ಕರಿ ಬಟ್ಟಿಗೆ ಅಚ್ಚ ಕರಿ ಬೇಸ್ (ತಳದ ಬಣ್ಣ) ಹಚ್ಚಬ್ಯಾಡ್ರಿ, ಒಂದ ಮೆಟ್ಟಲ ಮ್ಯಾಲಿನ, ಅಂದ್ರ ತುಸು ತಿಳಿ ಬಣ್ಣ ಹಚ್ಚಿ ಅಚ್ಚ ಕರಿನ್ನ ಮಡಿಕಿ ಒಳಗಿನ ಸಂದಿಗೆ ಉಳಿಸ್ರಿ. ಬಿಳಿಗೆ ಇದರ ಉಲ್ಟಾ, ಒಂದ ಮೆಟ್ಟಲ ಕೆಳಗಿಂದ ಶುರು ಮಾಡಿ ಅಚ್ಚ ಬಿಳಿನ್ನ ಕಟ್ಟಕಡೀಕ ತುದಿಗೆ ಮಾತ್ರ. ಮುಗೀತು.

ಮುಗೀತೂ ಅಂದ್ರ ಮುಗಿಯಂಗಿಲ್ಲ, ಯಾಕಂದ್ರ ತಕ್ಷಣ ಮುಂದಿನ ಮಾತ ಬರ್ತೈತಿ: "ಅಂದ್ರ ಕರಿಗೆ ತುಸು ಬಿಳಿ, ಬಿಳಿಗೆ ತುಸು ಕರಿ, ಅಷ್ಟ ಅಲ್ರಿ ಸರ?"

ಅಲ್ರೀ ಅಲ್ಲ. ಎಷ್ಟ ಸಲ ಹೇಳ್ಲಿ. ಈ ಒಂದ ಮಾತ ಯಾರ ಹುಟ್ಟಿಸಿದ್ರೋ, ಡ್ರಾಯಿಂಗ್ ಕ್ಲಾಸಿನ್ಯಾಗ ಪೆನ್ಸಿಲ್ ಶೇಡಿಂಗ್ ಕಲತಾಗ ತಲ್ಯಾಗ ಕುಂತದ್ದೋ, ಏನ ಮಾಡಿದ್ರೂ ಹೋಗವಲ್ದು. ಒಂದ ಕೆಲಸ ಮಾಡ್ರಿ. ಪ್ಯಾಲೆಟ್ ಮ್ಯಾಲ ಈ ಕಡೆ ಕರಿ, ಆ ಕಡೆ ಬಿಳಿ ಇಡ್ರಿ, ಕರಿಗೆ ಬಿಳಿ ಒಂದೊಂದ ಹನಿ ಕಲಸ್ತಾ ಬರ್ರಿ, ಬಿಳಿಗೆ ಕರಿ ಒಂದೊಂದ ಹನಿ ಕಲಸ್ತಾ ಬರ್ರಿ. ಎರಡೂ ಬಂದು ನಡುವ ಒಂದ ಬೂದಿ ಬಣ್ಣಕ್ಕ ಸೇರ್ತಾವ. ಈಗ ಹೇಳ್ರಿ, ಆ ಬೂದಿ ಕರಿಯ ಹೈಲೈಟೋ, ಬಿಳಿಯ ಶೇಡೋ? ಎರಡೂ ಆಗಬಹುದು. ಅಂದಮ್ಯಾಲ ಗುಟ್ಟು ಕಲಸೂದ್ರಾಗ ಇಲ್ಲ, ಅದನ್ನ ಎಲ್ಲಿ ಹಚ್ಚತೀರಿ, ಎಷ್ಟ ಜಾಗಕ್ಕ ಹಚ್ಚತೀರಿ ಅನ್ನೂದ್ರಾಗ ಐತಿ.

ಇನ್ನೊಂದ ತೊಂದ್ರಿ ಬಣ್ಣದ್ದ. ನಮ್ಮ ಬಾಟ್ಲಿ ಒಳಗಿನ ಬಿಳಿ ಅಂದ್ರ ಟೈಟಾನಿಯಂ ಡೈಆಕ್ಸೈಡ್, ಭಾಳ ಜೋರಿನ ಪಿಗ್ಮೆಂಟ್ (ಬಣ್ಣದ ಪುಡಿ). ಕರಿ ಹೆಚ್ಚಾಗಿ ಕಾರ್ಬನ್, ಅಂದ್ರ ಕಾಡಿಗಿ ಜಾತಿದು. ಎರಡೂ ಕೂಡಿದ್ರ ನೀಲಿ ಕಡೆ ವಾಲಿದ, ತಣ್ಣಗಿನ, ಜೀವ ಇಲ್ಲದ ಬೂದಿ ಆಗ್ತೈತಿ. ನನ್ನ ಮೊದಲನೇ ಫಿಗರ್ 54 ಎಂಎಂ ಎತ್ತರದ್ದು, ಕರಿ ಕೋಟು. ಮೂರ ರಾತ್ರಿ ಕುಂತು ಕರಿಗೆ ಬಿಳಿ ಕಲಸಿ ಕಲಸಿ ಹಚ್ಚೇನಿ, ಏನೋ ಸಾಧಿಸೇನಿ ಅಂತ ಮುಂಜಾನಿ ಅವ್ವಗ ತೋರ್ಸಿದ್ರ, "ಯಾಕೋ, ಈಂವಗ ಮೈತುಂಬ ವಿಭೂತಿ ಬಳದೀ?" ಅಂದ್ಲು. ಅವ್ವಗ ಮಾಡೆಲಿಂಗ್ ಗೊತ್ತಿಲ್ಲ, ಕಣ್ಣ ಮಾತ್ರ ನೆಟ್ಟಗದಾವ.

ಕರಿ ಅಂದ್ರ ಏನಂತ ನನಗ ಕಲಿಸಿದ್ದು ಎಮ್ಮಿ. ನಗಬ್ಯಾಡ್ರಿ. ನವನಗರದಿಂದ ಹಳೇ ಬಾಗಲಕೋಟಿ ಕಡೆ ಹಿನ್ನೀರಿನ ದಂಡಿಗೆ ಸಂಜಿ ಐದಕ್ಕ ಹೋಗಿ ನಿಂದರ್ರಿ. ಇನ್ನೂ ನೀರಿಗೆ ಇಳೀದ ಎಮ್ಮಿ ನೋಡ್ರಿ, ಧೂಳ ಹಿಡದಿರ್ತೈತಿ, ಬೆನ್ನಿನ ಮ್ಯಾಲ ಬೆಳಕು ಅಗಲಕ, ಮಂದಕ, ಮಣ್ಣಿನ ಬಣ್ಣದಾಗ ಹರವಿರ್ತೈತಿ. ಅದ ಎಮ್ಮಿ ನೀರಾಗ ಮುಳುಗಿ ಎದ್ದು ಬರ್ಲಿ, ಈಗ ಮೈ ಇನ್ನೂ ಕರ್ರಗ ಆಗೇತಿ, ಆದ್ರ ಭುಜದ ಎಲುವಿನ ಮ್ಯಾಲ, ಕೋಡಿನ ಬುಡದಾಗ ಚೂರಚೂರ ಜಾಗದಾಗ ಕಣ್ಣ ಕುಕ್ಕೂವಂಗ ಬೆಳ್ಳಗ ಮಿಂಚ್ತೈತಿ. ಬೆನ್ನಮ್ಯಾಲ ಆಕಾಶದ ನೀಲಿ, ಹೊಟ್ಟಿ ಕೆಳಗ ಮಣ್ಣಿನ ಕಂದು. ಎಮ್ಮಿ ಅದ, ಕರಿ ಅದ, ಹೈಲೈಟ್ ಮಾತ್ರ ಎರಡು ಜಾತಿ. ಕರಿಯ ಹೈಲೈಟು ಕರಿ ಬಣ್ಣದ ಸುದ್ದಿ ಹೇಳಂಗಿಲ್ರೀ, ಅದು ಯಾವ ವಸ್ತು, ಒಣಾ ಐತೋ ಹಸಿ ಐತೋ, ಸುತ್ತ ಏನೈತಿ ಅನ್ನೂ ಸುದ್ದಿ ಹೇಳ್ತೈತಿ.

ಲೆಕ್ಕ ಬೇಕಂದ್ರ ಲೆಕ್ಕಾನೂ ಕೊಡ್ತೀನಿ. ಕರಿ ಮೇಲ್ಮೈ ಬಿದ್ದ ಬೆಳಕಿನ್ಯಾಗ ಸುಮಾರು 5 ಪರ್ಸೆಂಟ್ ವಾಪಸ್ ಕಳಸ್ತೈತಿ, ಬಿಳಿದು 80-85 ಪರ್ಸೆಂಟ್. ನಡುಮಧ್ಯಾಹ್ನದ ಬಿಸಲು ಸುಮಾರು 1 ಲಕ್ಷ ಲಕ್ಸ್ (ಲಕ್ಸ್ ಅಂದ್ರ ಬೆಳಕಿನ ಅಳತಿ), ಮನಿ ಒಳಗಿನ ಟ್ಯೂಬ್‌ಲೈಟ್ ಬೆಳಕು ಹೆಚ್ಚಂದ್ರ 300-500 ಲಕ್ಸ್. ಹಿಂಗಾಗಿ ಬಿಸಲಾಗ ನಿಂತ ಎಮ್ಮಿ ನಿಮ್ಮ ಕಣ್ಣಿಗೆ ಕಳಸೂ ಬೆಳಕು, ಪಡಸಾಲ್ಯಾಗ ಕುಂತ ಅಜ್ಜನ ಬಿಳೀ ಧೋತರದ್ದಕ್ಕಿಂತ ಹತ್ತ ಪಟ್ಟಕ್ಕೂ ಹೆಚ್ಚ. ಆದ್ರೂ ಎಮ್ಮಿ ಕರೀನ, ಧೋತರ ಬಿಳೀನ. ಕಣ್ಣು ಬೆಳಕನ್ನ ಅಳಿಯಂಗಿಲ್ಲ, ಬಾಜೂದ್ರ ಜೋಡಿ ಹೋಲಿಸ್ತೈತಿ.

ಅದಕ್ಕ ಕೈಲೆ ಮಾಡೂದು ಹಿಂಗ. ಕರಿ ಕಂಬಳಿ, ಉಣ್ಣಿ ಕೋಟು ಇದ್ರ ಕರಿಗೆ ಕಡು ಕಂದು ಕಲಸಿ ಬೇಸ್, ಮ್ಯಾಲ ಅದಕ್ಕ ಖಾಕಿ ಇಲ್ಲಾ ಐವರಿ ತುಸು ಸೇರಿಸಿ ಮೆತ್ತಗ ಎರಡ ಮೆಟ್ಟಲ, ಸಾಕು. ಕರಿ ಕುದುರಿ, ಕೂದಲ, ಪಾಲಿಶ್ ಬೂಟು ಇದ್ರ ಕಡು ನೀಲಿ ಕಲಸ್ರಿ, ಹೈಲೈಟ್ ಸಣ್ಣದಿರ್ಲಿ, ಗೆರಿ ಹರಿತ ಇರ್ಲಿ, ಬೂಟಿನ ಮೂಗಿಗೆ ಒಂದ ಚುಕ್ಕಿ ಬಿಳಿ ಹತ್ತಿರ ಹೋದ್ರೂ ನಡೀತೈತಿ. ಎರಡರಾಗೂ ಹತ್ತ ಪಾಲಿನ್ಯಾಗ ಎಂಟ ಪಾಲು ಕರೀ ಉಳೀಬೇಕು. ಹೈಲೈಟ್ ಹೆಚ್ಚಾತು, ಬೂದಿ ಕೋಟ ಆತು ಅನಿಸಿದ್ರ ಅಳಸಾಕ ಹೋಗಬ್ಯಾಡ್ರಿ, ಕರಿನ್ನ ನೀರ ನೀರ ಮಾಡಿ ಒಂದ ಗ್ಲೇಜ್ (ತೆಳ್ಳನ ಪಾರದರ್ಶಕ ಪದರು) ಎಳೀರಿ, ಎಲ್ಲಾ ಒಂದಕ್ಕೊಂದ ಹೊಂದತೈತಿ.

ಬಿಳಿಗೆ ಬರೂಣು. ಜ್ವಾಳದ ಹಿಟ್ಟು ಪರಾತದಾಗ ಇದ್ದಾಗ ಬೆಳ್ಳಗ ಕಾಣ್ತೈತಿ ಹೌದಿಲ್ಲೋ? ಅದರ ಬಾಜು ಒಂದ ಪ್ರಿಂಟರ್ ಹಾಳಿ ಇಡ್ರಿ. ಹಿಟ್ಟು ಬೂದಿ ಹಳದಿ ಮಿಕ್ಸ್ ಆದಂಗ ಕಾಣ್ತೈತಿ. ಆ ಹಿಟ್ಟಿನ ಬಣ್ಣಾನ ನಿಮ್ಮ ಬೇಸ್. ಹಳೇ ಧೋತರಕ್ಕ ನೆರಳು ಕಂದು-ಬೂದಿ, ಹೊಸಾ ಬಟ್ಟಿಗೆ ನೀಲಿ-ಬೂದಿ, ಕರಿ ಬಾಟ್ಲಿ ಮುಚ್ಚೇ ಇರ್ಲಿ. ನೆರಳು ತೆಳ್ಳಗ, ಮಡಿಕ್ಯಾಗ ಮಾತ್ರ. ಹಂಗ ಬಿಳಿ ಬಣ್ಣ ದಪ್ಪ ಹಚ್ಚಿದ್ರ ಸುಣ್ಣ ಬಳದ ಗ್ವಾಡಿ ಆಗ್ತೈತಿ, ತೆಳ್ಳಗ ಮೂರ ನಾಕ ಕೈ ಹಚ್ಚರಿ, ನಡುವ ಒಣಗಾಕ ಬಿಡ್ರಿ. ತಾಳ್ಮಿ ಇಲ್ಲದವ್ರು ಬಿಳಿ ಕುದುರಿ ಕೊಳ್ಳಬಾರ್ದು.

ಎರಡೂ ಒಂದ ಫಿಗರ್‌ನ್ಯಾಗ ಬೇಕಂದ್ರ 1820ರ ಸುಮಾರಿನ ಬ್ರಿಟಿಷ್ ಪದಾತಿ ಸೈನಿಕನ್ನ ತಗೋರಿ. ಎದಿ ಮ್ಯಾಲ ಬಿಳಿ ಅಡ್ಡಪಟ್ಟಿ, ತಲಿಮ್ಯಾಲ ಕರಿ ಶಾಕೋ ಟೊಪಗಿ. ಆ ಪಟ್ಟಿಗೆ ಪೈಪ್‌ಕ್ಲೇ ಅನ್ನೂ ಬಿಳಿ ಮಣ್ಣು ತಿಕ್ಕತಿದ್ರು, ಅದು ಮಿಂಚಂಗಿಲ್ಲ, ಸುಣ್ಣದಂಗ ಮಂದ. ಅದಕ್ಕ ಮಿಂಚೂ ವಾರ್ನಿಶ್ ಹೊಡದು ಫೋಟೋ ಕಳಸ್ತಾರ ನೋಡ್ರಿ, ನನಗ ಹೊಟ್ಟಿ ಉರೀತೈತಿ.

ಕಣ್ಣು ಬಾಜೂದ್ರ ಜೋಡಿ ಹೋಲಿಸ್ತೈತಿ ಅಂದ್ನೆಲ್ಲಾ, ಅದಕ್ಕೊಂದ ಹಳೇ ಕತಿ ಐತಿ. 1824, ಈ ಕಡೆ ಕಿತ್ತೂರಾಗ ಕಾಳಗ ನಡದ ವರ್ಷ, ಆ ಕಡೆ ಪ್ಯಾರಿಸ್‌ನ ಗೋಬ್ಲಾಂ ನೇಯ್ಗಿ ಕಾರ್ಖಾನಿ ಬಣ್ಣದ ಮನಿಗೆ ಶೆವ್ರಲ್ ಅನ್ನೂ ಕೆಮಿಸ್ಟ್ ಮುಖ್ಯಸ್ಥ ಆಗಿ ಬಂದ. ನಿಮ್ಮ ಕರಿ ದಾರ ಸಪ್ಪಗ ಕಾಣ್ತೈತಿ ಅಂತ ದೂರು. ಪರೀಕ್ಷಾ ಮಾಡಿ ನೋಡಿದ್ರ ಕರಿಯೊಳಗ ತಪ್ಪಿಲ್ಲ, ನೀಲಿ, ನೇರಳಿ ಬಾಜು ನೇಯ್ದಾಗ ಮಾತ್ರ ಸಪ್ಪಗ. 1839ರಾಗ ಇದನ್ನೆಲ್ಲಾ ಪುಸ್ತಕ ಮಾಡಿದ. ನಮ್ಮ ಇಳಕಲ್ ಕರಿ ಸೀರಿಗೆ ಕೆಂಪ ಸೆರಗು ಬಂದ್ರ ಆ ಕರಿ ಎಷ್ಟ ಗಟ್ಟಿ ಕಾಣ್ತೈತಿ ನೋಡ್ರಿ. ಹಂಗ ನಿಮ್ಮ ಫಿಗರ್‌ಗೆ ನೀಲಿ ಪ್ಯಾಂಟ್ ಇದ್ರ ಬೂಟಿನ ಕರಿಗೆ ಒಂದ ಹನಿ ನೀಲಿ ಹೆಚ್ಚಿಗಿ ಹಾಕ್ರಿ, ಇಲ್ಲಾಂದ್ರ ತುಕ್ಕ ಹಿಡದಂಗ ಕಾಣ್ತೈತಿ.

ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ, ಫೋಟೋ. ಅರ್ಧಾ ಮಂದಿಯ ಕರಿ ಚೊಲೋನ ಇರ್ತೈತಿ, ಕೆಡಸೂದು ಮೊಬೈಲು. ಕ್ಯಾಮೆರಾ ಎದುರಿಗಿದ್ದದ್ದನ್ನೆಲ್ಲಾ ಸರಾಸರಿ ಬೂದಿ ಅಂತ ತಿಳ್ಕೊಂಡು ಬೆಳಕು ಹೊಂದಸ್ತೈತಿ, ಹಿಂಗಾಗಿ ಕರಿ ಫಿಗರ್ ಮಾಸಿದಂಗ, ಬಿಳಿ ಫಿಗರ್ ಹೊಲಸ ಆದಂಗ ಬರ್ತೈತಿ. ಸ್ಕ್ರೀನ್ ಮ್ಯಾಲ ಫಿಗರ್ ಒತ್ತಿ ಹಿಡದು, ಬರೂ ಸೂರ್ಯನ ಗುರ್ತನ್ನ ಕರಿಗೆ ತುಸು ಕೆಳಗ, ಬಿಳಿಗೆ ತುಸು ಮ್ಯಾಲ ಎಳೀರಿ. ಹಿಂದ ಬೂದಿ ಬಣ್ಣದ ಕಾರ್ಡ್‌ಶೀಟ್ ಹಚ್ಚರಿ, ಸ್ಟೇಷನರಿ ಅಂಗಡ್ಯಾಗ ಸಿಗ್ತೈತಿ. ಹೂವಿನ ಬೆಡ್‌ಶೀಟ್ ಮ್ಯಾಲ ಇಟ್ಟು ಕಳಿಸಿ "ಸರ ಶೇಡ್ ಬರೋಬರಿ ಐತೇನ್ರಿ" ಅಂದ್ರ ನಾನೇನ ಹೇಳ್ಲಿ.